ಗಾಯದ ಹೊಲಿಗೆ

“ತೆಗೆಯಲ್ಲ,” ಎಂದರು ನರ್ಸಮ್ಮ.

ಅದೇ ಮಾತನ್ನು ಅವರು ಭವನದ ಕಾವಲುಗಾರನಿಗೆ ಹೇಳಿದ್ದರು, ಆಮೇಲೆ ಬಂದ ಪೊಲೀಸ್ ಪೇದೆಗೂ ಹೇಳಿದ್ದರು. ಈಗ ಭವನದ ಆಫೀಸು ಕೋಣೆಯಲ್ಲಿ ಮೇಜಿನಾಚೆ ಕೂತಿದ್ದ ಇನ್ಸ್‌ಪೆಕ್ಟರಮ್ಮನ ಸರದಿ.

ಬೆಳಿಗ್ಗೆ ಸೈನಿಕ ಸ್ಮಾರಕ ಭವನದ ಗಾಜಿನ ಪೆಟ್ಟಿಗೆಯಿಂದ ಮಾಯವಾಗಿದ್ದ ಜಾಕೆಟ್ಟು, ಮಧ್ಯಾಹ್ನದ ಹೊತ್ತಿಗೆ ಅದೇ ಭವನದ ಮೆಟ್ಟಿಲ ಮೇಲೆ, ಎಪ್ಪತ್ತು ದಾಟಿದ ಈ ಹೆಂಗಸಿನ ಮೈಮೇಲೆ ಸಿಕ್ಕಿತ್ತು. ಕದ್ದವರು ಓಡಿಹೋಗುವುದುಂಟು. ಈಕೆ ಹೆಗಲಿಗೊಂದು ಶಾಲು ಹೊದ್ದು, ಬಿಸಿಲು ಕಾಯಿಸಿಕೊಳ್ಳುತ್ತಾ, ಪೊಲೀಸರು ಯಾಕೆ ಇನ್ನೂ ಬರಲಿಲ್ಲ ಎಂಬಂತೆ ರಸ್ತೆ ನೋಡುತ್ತಾ ಕೂತಿದ್ದರಂತೆ.

ಇನ್ಸ್‌ಪೆಕ್ಟರಮ್ಮ ಕೆಲಸದಿಂದ ನಿವೃತ್ತರಾಗಿ ವರ್ಷಗಳೇ ಕಳೆದಿದ್ದವು. ಆದರೂ ಊರಿಗೆಲ್ಲ ಅವರು ಇನ್ಸ್‌ಪೆಕ್ಟರಮ್ಮನೇ. ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುವವರು ಅವರ ಮನೆಯ ಬಾಗಿಲು ತಟ್ಟುತ್ತಿದ್ದರು. ಇವತ್ತು ತಟ್ಟಿದವರು ಭವನದ ಕಾರ್ಯದರ್ಶಿ, ಹಳೇ ಮಿಲಿಟರಿ ಡಾಕ್ಟರು; ಯುದ್ಧಕಾಲದಲ್ಲಿ ನರ್ಸಮ್ಮ ಅವರ ಕೈಕೆಳಗೆ ದುಡಿದವರು. ಜಾಕೆಟ್ಟು ವಾಪಸ್ ಪೆಟ್ಟಿಗೆ ಸೇರಿದರೆ ಸಾಕು, ಕೇಸು ಗೀಸು ಏನೂ ಬೇಡ ಎಂದು ಕೇಳಿಕೊಂಡಿದ್ದರು.

ಆ ಡಾಕ್ಟರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಊರುಗೋಲಿನ ಮೇಲೆ ಗಲ್ಲ ಊರಿ ಕೂತಿದ್ದರು.

“ಹಠ ಬೇಡ ಮಗೂ,” ಎಂದರು ಮೆಲ್ಲಗೆ. “ಚಳಿಗೆ ಬೇಕು ಅಂದ್ರೆ ಹೊಸದೇ ಕೊಡಿಸ್ತೀನಿ. ಇದನ್ನ ಇಲ್ಲಿಟ್ಟು ಮನೆಗೆ ಹೋಗು.”

“ಡಾಕ್ಟರೇ, ನಿಮ್ಮ ಮಾತು ನಾನು ಯಾವತ್ತೂ ತೆಗೆದುಹಾಕಿಲ್ಲ. ಇವತ್ತೊಂದಿನ ತೆಗೆದುಹಾಕ್ತೀನಿ.”

ಇನ್ಸ್‌ಪೆಕ್ಟರಮ್ಮ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡರು.

“ಪೆಟ್ಟಿಗೆ ಹೇಗೆ ತೆಗೆದ್ರಿ ಅಮ್ಮ?”

“ಸ್ಕ್ರೂಡ್ರೈವರಲ್ಲಿ. ಕೀಲು ಬಿಚ್ಚಿದೆ.”

“ಗಾಜು ಒಡೆದಿದ್ರೆ ಬೇಗ ಆಗ್ತಿತ್ತು.”

“ಗಾಜು ಏನು ತಪ್ಪು ಮಾಡಿತ್ತು?”

ಇನ್ಸ್‌ಪೆಕ್ಟರಮ್ಮ ನಗು ನುಂಗಿಕೊಂಡರು. ಆ ಕೆಲಸವನ್ನು ಅವರು ಆಗಲೇ ನೋಡಿ ಬಂದಿದ್ದರು. ಗಾಜಿನ ಬಾಗಿಲಿಗೆ ಗೀರು ಬೀಳದಂತೆ ಕೆಳಗೆ ಬಟ್ಟೆ ಹಾಸಿ ಗೋಡೆಗೆ ಒರಗಿಸಿತ್ತು. ಬಿಚ್ಚಿದ ತಿರುಪುಗಳು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ, ಚಿಕ್ಕದು ದೊಡ್ಡದು ಬೇರೆ ಬೇರೆಯಾಗಿ ಕೂತಿದ್ದವು. ಇದು ಕಳ್ಳರ ಕೈಯಲ್ಲ. ಬಿಚ್ಚಿದ್ದನ್ನು ಮತ್ತೆ ಜೋಡಿಸಿ ಅಭ್ಯಾಸವಿದ್ದ ಕೈ.

ಜಾಕೆಟ್ಟು ಬಣ್ಣಗೆಟ್ಟ ಹಸಿರು. ದಪ್ಪ ಬಟ್ಟೆ, ಮುಚ್ಚಳವಿದ್ದ ನಾಲ್ಕು ದೊಡ್ಡ ಜೇಬು, ಸೊಂಟದಲ್ಲಿ ಬಿಗಿಯಲು ಒಂದು ದಾರ. ನರ್ಸಮ್ಮ ಕುರ್ಚಿಗೆ ಬೆನ್ನು ಆನಿಸಿ, ಅದರೊಳಗೆ ಗುಬ್ಬಚ್ಚಿಯಂತೆ ಕೂತಿದ್ದರು. ಕಣ್ಣು ಮಾತ್ರ ಗುಬ್ಬಚ್ಚಿಯದಾಗಿರಲಿಲ್ಲ.

“ಯಾರ ಜಾಕೆಟ್ ಇದು?”

“ನಂದು.”

“ಪೆಟ್ಟಿಗೆ ಕೆಳಗಿನ ಫಲಕದಲ್ಲಿ ಕ್ಯಾಪ್ಟನ್ ಹೆಸರಿದೆಯಲ್ಲ.”

“ಫಲಕ ಬರೆಸಿದವರೂ ಕ್ಯಾಪ್ಟನ್ನೇ ಅಲ್ವಾ?”

ಫಲಕದಲ್ಲಿದ್ದುದು ಊರಿನ ಮಕ್ಕಳಿಗೂ ಬಾಯಿಪಾಠ. ಈ ಜಾಕೆಟ್ಟು ತೊಟ್ಟು, ಶೆಲ್ಲುಗಳು ಸಿಡಿಯುತ್ತಿದ್ದ ಸೇತುವೆಯ ಮೇಲೆ ಆಂಬುಲೆನ್ಸ್ ಲಾರಿ ಓಡಿಸಿ, ಗಾಯಾಳುಗಳನ್ನು ಈಚೆ ದಡಕ್ಕೆ ತಂದ ವೀರ ಎಂದು. ನಾಳೆ ಬೆಳಿಗ್ಗೆ ಊರಿನ ಹೊಸ ಸೇತುವೆಗೆ ಕ್ಯಾಪ್ಟನ್ ಹೆಸರಿಡುವ ಸಮಾರಂಭ. ಬಟ್ಟೆ ಮುಚ್ಚಿದ ಕಲ್ಲು ಆಗಲೇ ಸೇತುವೆಯ ಬುಡದಲ್ಲಿ ನಿಂತಿತ್ತು.

“ಆ ಲಾರಿ ಓಡಿಸಿದ್ದು ನಾನು,” ಎಂದರು ನರ್ಸಮ್ಮ.

ಡಾಕ್ಟರು ನಿಟ್ಟುಸಿರು ಬಿಟ್ಟರು. ಇಲ್ಲ ಎನ್ನಲಿಲ್ಲ.

“ಹಾಗಾದ್ರೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಯಾರು ಕೇಳಿದ್ರು?”

ಇನ್ಸ್‌ಪೆಕ್ಟರಮ್ಮ ಎದ್ದು ಹೊರಗಿನ ಪಡಸಾಲೆಗೆ ಬಂದರು. ಅಲ್ಲಿ ಬೆಂಚಿನ ಮೇಲೆ ನರ್ಸಮ್ಮನ ಸೊಸೆ ಕೂತಿದ್ದಳು. ಪೋಸ್ಟಾಫೀಸಿನ ಕೌಂಟರಿನ ಕೆಲಸದವಳು, ಸುದ್ದಿ ಕೇಳಿ ಅರ್ಧಕ್ಕೇ ಎದ್ದು ಬಂದಿದ್ದಳು. ಬೆರಳ ತುದಿಯಲ್ಲಿ ಇನ್ನೂ ಮುದ್ರೆಯ ಶಾಯಿ ಇತ್ತು.

“ನಮ್ಮತ್ತೆ ಕಳ್ಳಿ ಅಲ್ಲ,” ಎಂದಳು, ಕೇಳುವ ಮೊದಲೇ. “ಪಕ್ಕದ ಮನೆ ಗಿಡದ ಹೂ ನಮ್ಮ ಅಂಗಳಕ್ಕೆ ಬಿದ್ರೂ ಎತ್ಕೊಂಡು ಹೋಗಿ ಕೊಟ್ಟು ಬರೋರು. ಮನೇಲಿ ನಾವಿಬ್ರೂ ದಿನಾ ಜಗಳ ಆಡ್ತೀವಿ, ಅದು ಬೇರೆ ವಿಷಯ.”

“ಈ ಜಾಕೆಟ್ ಹುಚ್ಚು ಯಾವಾಗ ಶುರುವಾಯ್ತು?”

“ಮೊನ್ನೆ ಪೇಪರಲ್ಲಿ ಈ ಜಾಕೆಟ್ ಫೋಟೋ ಬಂತಲ್ಲ, ಆವಾಗ. ಅಲ್ಲೀವರೆಗೆ ಅತ್ತೆ ಈ ಭವನದ ಕಡೆ ತಲೆ ಹಾಕಿದೋರೇ ಅಲ್ಲ. ನಾನು ಸುಮ್ನೆ ಓದ್ತಿದ್ದೆ. ಅತ್ತೆ ಪೇಪರು ಕಿತ್ಕೊಂಡು, ಕನ್ನಡಕ ಏರಿಸ್ಕೊಂಡು, ಆ ತೋಳನ್ನೇ ನೋಡ್ತಾ ಕೂತ್ರು. ಊಟಕ್ಕೆ ಕರೆದ್ರೆ ಬರಲಿಲ್ಲ. ಮಾರನೇ ದಿನ ನನ್ನ ಗಂಡನ ಟೂಲ್ ಬಾಕ್ಸ್ ತಡಕಾಡ್ತಿದ್ರು. ಮಿಕ್ಸಿ ರಿಪೇರಿಗೇನೋ ಅಂದ್ಕೊಂಡೆ.”

“ಯುದ್ಧದ ವಿಷಯ ಮನೇಲಿ ಮಾತಾಡ್ತಿದ್ರಾ?”

“ಒಂದಕ್ಷರ ಇಲ್ಲ. ಆದ್ರೆ ಕಾರು ಕೆಟ್ಟು ನಿಂತ್ರೆ ಬಾನೆಟ್ ಎತ್ತೋದು ಅವರೇ. ನನ್ನ ಗಂಡ ಟಾರ್ಚ್ ಹಿಡ್ಕೊಂಡು ಪಕ್ಕದಲ್ಲಿ ನಿಂತಿರ್ತಾರೆ, ಅಷ್ಟೇ.”

“ನೀವು ಮನೆಗೆ ಹೋಗಿ. ಇದು ತಡ ಆಗ್ಬಹುದು.”

“ಅತ್ತೆ ಏಳೋವರೆಗೂ ನಾನೂ ಏಳಲ್ಲ,” ಎಂದು ಸೊಸೆ ಬ್ಯಾಗನ್ನು ತೊಡೆಯ ಮೇಲೆ ಗಟ್ಟಿಯಾಗಿ ಇಟ್ಟುಕೊಂಡಳು.

ಹಠ ಆ ಮನೆಯ ನೀರಿನಲ್ಲೇ ಇದೆ ಅಂದುಕೊಂಡು ಇನ್ಸ್‌ಪೆಕ್ಟರಮ್ಮ ಒಳಗೆ ಬಂದರು. ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ತೋಳನ್ನೇ ನೋಡ್ತಾ ಕೂತ್ರು.

“ಜಾಕೆಟ್ ತೆಗೀಬೇಡಿ ಅಮ್ಮ. ಕೈ ಮಾತ್ರ ಮುಂದಕ್ಕೆ ಚಾಚಿ.”

ನರ್ಸಮ್ಮ ಚಾಚಿದರು. ಇನ್ಸ್‌ಪೆಕ್ಟರಮ್ಮ ತೋಳಿನ ಅಂಚನ್ನು ಹೊರಳಿಸಿ ಬೆಳಕಿಗೆ ಹಿಡಿದರು. ಅಂಚನ್ನು ಅಗಲವಾಗಿ ಒಳಕ್ಕೆ ಮಡಿಚಿ ಹೊಲಿದಿತ್ತು. ದರ್ಜಿಯ ಹೊಲಿಗೆಯಾಗಿದ್ದರೆ ದಾರ ಒಂದೇ ಸಮನೆ ಓಡುತ್ತಿತ್ತು. ಇಲ್ಲಿ ಹಾಗಿರಲಿಲ್ಲ. ಒಂದೊಂದು ಹೊಲಿಗೆಯೂ ಬಿಡಿಬಿಡಿ, ಒಂದೊಂದಕ್ಕೂ ಅದರದೇ ಗಂಟು. ದಾರ ಕಪ್ಪು ರೇಷ್ಮೆ.

ಇಂಥದ್ದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು ಅವರಿಗೆ. ಎಲ್ಲಿ ಎಂದು ಹುಡುಕಲು ದೂರ ಹೋಗಬೇಕಿರಲಿಲ್ಲ. ಹಿಂದೊಮ್ಮೆ ಚಾಕು ಬೀಸಿದವನೊಬ್ಬನನ್ನು ಹಿಡಿಯಲು ಹೋದಾಗ ಎಡ ಮುಂಗೈ ಸೀಳಿತ್ತು. ಆ ಗಾಯದ ಗುರುತು ಏಣಿಯ ಮೆಟ್ಟಿಲಿನಂತೆ ಇವತ್ತಿಗೂ ಹಾಗೇ ಇತ್ತು. ಅವರು ತಮ್ಮ ಕೈಯನ್ನು ಜಾಕೆಟ್ಟಿನ ತೋಳಿನ ಪಕ್ಕ ಇಟ್ಟರು.

“ಇದು ಬಟ್ಟೆಗೆ ಹಾಕೋ ಹೊಲಿಗೆ ಅಲ್ಲ.”

“ಗಾಯಕ್ಕೆ ಹಾಕೋದು,” ಎಂದರು ನರ್ಸಮ್ಮ. “ನನಗೆ ಅದೊಂದೇ ಬರ್ತಿದ್ದಿದ್ದು. ಬಟ್ಟೆ ಹೊಲಿಗೆ ಇವತ್ತಿಗೂ ಬರಲ್ಲ, ಸೊಸೆನ ಕೇಳಿ. ಆ ಸೇತುವೆ ದಾಟಿದ ಮೇಲೆ ನಮಗೆ ಡ್ರೈವರೇ ಇರಲಿಲ್ಲ. ಯುದ್ಧ ಮುಗಿಯೋವರೆಗೂ ಲಾರಿ ನಾನೇ ಓಡಿಸಿದೆ. ತೋಳು ಉದ್ದ ಆಗಿ ಸ್ಟೇರಿಂಗಿಗೆ ಸಿಕ್ಕಿ ಹಾಕ್ಕೊಳ್ತಿತ್ತು. ಒಂದಿನ ಕೂತು ಮಡಿಚಿ ಹೊಲ್ಕೊಂಡೆ.”

ಡಾಕ್ಟರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಮುಖ ಮೆತ್ತಗಾಯಿತು.

“ನಾನೇ ಕಲಿಸಿದ ಗಂಟು,” ಎಂದರು. “ಮೊದಮೊದಲು ಸಡಿಲ ಕಟ್ತಿದ್ಲು. ಗಾಯಾಳುಗಳೇ ಬೈತಿದ್ರು.”

“ಅಂದ್ರೆ ಜಾಕೆಟ್ ಇವರದ್ದೇ ಅಂತ ನೀವು ಒಪ್ತೀರಾ ಡಾಕ್ಟರೇ?”

ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುವಂಥ ಕೊಳೆಯೇನೂ ಅದರಲ್ಲಿರಲಿಲ್ಲ. “ಕ್ಯಾಪ್ಟನ್ ಬರ್ಲಿ,” ಎಂದರು ಅಷ್ಟೇ.

“ಮತ್ತೆ ಇದು ಅವರ ಕೈಗೆ ಹೇಗೆ ಹೋಯ್ತು?” ಇನ್ಸ್‌ಪೆಕ್ಟರಮ್ಮ ನರ್ಸಮ್ಮನ ಕಡೆ ತಿರುಗಿದರು.

“ಯುದ್ಧ ಮುಗಿದ ಮೇಲೆ ಸರ್ಕಾರದ ಸಾಮಾನೆಲ್ಲ ವಾಪಸ್ ಒಪ್ಪಿಸಬೇಕಿತ್ತು. ಉಗ್ರಾಣಕ್ಕೆ ಆಗ ಅವರೇ ಅಧಿಕಾರಿ. ‘ಹುಡುಗಿ ಲಾರಿ ಓಡಿಸಿದ್ಲು ಅಂತ ಗೊತ್ತಾದ್ರೆ ನನಗೂ ಮಾನ ಇಲ್ಲ, ನಿನಗೂ ಮದುವೆ ಇಲ್ಲ, ಬಾಯಿ ಮುಚ್ಕೊಂಡಿರು’ ಅಂದ್ರು. ಮದುವೆಯೇನೋ ಆಯ್ತು. ಬಾಯಿ ಮುಚ್ಕೊಂಡಿದ್ದು ಸಾಕಾಯ್ತು.”

ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು.

ಕ್ಯಾಪ್ಟನ್ ಆಜಾನುಬಾಹು. ಎಂಬತ್ತರ ಹತ್ತಿರವಾದರೂ ಬೆನ್ನು ಬಾಗಿರಲಿಲ್ಲ. ಹೊಟ್ಟೆ ಮುಂದೆ ಬಂದಿತ್ತು, ಮೀಸೆಗೆ ಕಪ್ಪು ಹಚ್ಚಿತ್ತು. ಕೋಟಿನ ಎದೆಯ ಮೇಲೆ ಪದಕಗಳ ಸಾಲು ನಡೆದಂತೆಲ್ಲ ಕಿಣಿಕಿಣಿ ಎನ್ನುತ್ತಿತ್ತು. ಒಳಗೆ ಬಂದವರೇ ಯಾರ ಮುಖವನ್ನೂ ನೋಡದೆ ಜಾಕೆಟ್ಟನ್ನು ನೋಡಿದರು.

“ಏನಮ್ಮ ಇದು ನಿನ್ನ ನಾಟಕ? ಬಿಚ್ಚು ಅದನ್ನ.”

“ನೀವು ಅನ್ನಿ.”

“ಏನು?”

“ನೀನು ಅಲ್ಲ, ನೀವು. ಆಗ ನೀವು ಅಧಿಕಾರಿ, ಏನಂದ್ರೂ ಕೇಳಿಸ್ಕೊಂಡೆ. ಈಗ ಇಬ್ರಿಗೂ ಮಂಡಿನೋವು. ಸರಿಸಮ.”

ಕ್ಯಾಪ್ಟನ್ ಮುಖ ಕೆಂಪಾಯಿತು. ಆ ಮಾತು ಕೇಳಿಸಲೇ ಇಲ್ಲವೆಂಬಂತೆ ಇನ್ಸ್‌ಪೆಕ್ಟರಮ್ಮನತ್ತ ತಿರುಗಿದರು. “ಇವಳನ್ನ ಠಾಣೆಗೆ ಒಪ್ಪಿಸಿ ಮುಗಿಸಿ ಮೇಡಂ. ನಾಳೆ ಕಾರ್ಯಕ್ರಮ ಇದೆ, ನನಗೆ ಪುರುಸೊತ್ತಿಲ್ಲ.”

“ಮುಗಿಸೋಣ ಸರ್. ಜಾಕೆಟ್ ನಿಮ್ಮದು ಅಂತ ಒಂದು ಸಲ ತೋರಿಸಿಬಿಡಿ.”

“ತೋರಿಸೋದೇನು? ಊರಿಗೇ ಗೊತ್ತು.”

ಆಗ ನರ್ಸಮ್ಮ ಎದ್ದು ನಿಂತರು. ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿದರು. “ನಾನು ತೆಗೀತೀನಿ. ಒಂದೇ ಷರತ್ತು. ಇವರು ಇದನ್ನ ಹಾಕ್ಕೋಬೇಕು. ಇಲ್ಲೇ, ಎಲ್ಲರ ಎದುರಿಗೆ.”

“ಅದೆಲ್ಲ ಯಾಕೆ,” ಎಂದರು ಡಾಕ್ಟರು ಥಟ್ಟನೆ. ಅಷ್ಟು ಹೊತ್ತಿನಿಂದ ನಿಧಾನಕ್ಕೆ ಮಾತಾಡುತ್ತಿದ್ದವರ ಮಾತಿಗೆ ಎಲ್ಲಿಂದಲೋ ಅವಸರ ಬಂದಿತ್ತು. “ತೆಗೀತಾಳಲ್ಲ, ಸಾಕು. ನನ್ನ ಕೈಗೆ ಕೊಡು ಮಗೂ.”

ಆದರೆ ಕ್ಯಾಪ್ಟನ್ ಆಗಲೇ ಕೋಟು ಕಳಚಿದ್ದರು. ಹೆದರಿದೆ ಅಂದುಕೊಂಡಾರು ಎಂಬ ಅಂಜಿಕೆ ಅವರನ್ನು ಯಾವಾಗಲೂ ಇಂಥ ಕೆಲಸಕ್ಕೆ ನೂಕುತ್ತಿತ್ತು. ನರ್ಸಮ್ಮ ಜಾಕೆಟ್ಟು ಕಳಚಿ ಚಾಚಿದರು. ಕ್ಯಾಪ್ಟನ್ ಗೋಡೆಗೆ ಬೆನ್ನು ಮಾಡಿ ನಿಂತು ಒಂದು ತೋಳು ತೂರಿಸಿದರು, ಉಸಿರು ಎಳೆದುಕೊಂಡು ಇನ್ನೊಂದನ್ನೂ ತೂರಿಸಿದರು. ಹೆಗಲು ಬಿಗಿಯಿತು. ಹೊಟ್ಟೆಯ ಮೇಲೆ ಗುಂಡಿ ಕೂಡಲಿಲ್ಲ. ತೋಳಿನ ಅಂಚು ಮಣಿಕಟ್ಟಿನಿಂದ ಎಷ್ಟೋ ಮೇಲೆ, ಮುಂಗೈ ಅರ್ಧಕ್ಕೇ ನಿಂತುಬಿಟ್ಟಿತು.

“ಆಗ ನಾನು ತೆಳ್ಳಗಿದ್ದೆ,” ಎಂದರು.

“ಹೊಟ್ಟೆ ಬೆಳೆಯುತ್ತೆ ಸರ್, ಒಪ್ತೀನಿ,” ಎಂದರು ಇನ್ಸ್‌ಪೆಕ್ಟರಮ್ಮ. “ಕೈ ಬೆಳೆಯಲ್ಲ.”

“ಬಟ್ಟೆ ಕುಗ್ಗಿದೆ.”

“ಕುಗ್ಗಿದ ಬಟ್ಟೆ ತಾನೇ ಮಡಿಚ್ಕೊಂಡು, ತಾನೇ ಗಂಟೂ ಹಾಕ್ಕೊಳ್ತಾ?”

ಕ್ಯಾಪ್ಟನ್ ತಮ್ಮ ಬರಿಯ ಮುಂಗೈಗಳನ್ನು ನೋಡಿಕೊಂಡರು. ಅವನ್ನು ಎಲ್ಲಿ ಬಚ್ಚಿಡುವುದೆಂದು ತಿಳಿಯದವರಂತೆ ಜೇಬಿಗೆ ತುರುಕಿದರು.

“ಸರಿ,” ಎಂದರು ಕೊನೆಗೆ. “ಲಾರಿ ಓಡಿಸಿದ್ದು ಅವಳೇ. ಸಾಕಾ?”

ನರ್ಸಮ್ಮ ಒಂದು ಗಳಿಗೆ ಕಣ್ಣು ಮುಚ್ಚಿದರು. ಜೀವಮಾನವಿಡೀ ಕಾದ ಮಾತು, ಕಾಲಿಗಂಟಿದ ಧೂಳು ಕೊಡವಿದಷ್ಟು ಹಗುರವಾಗಿ ಬಂದು ಬಿದ್ದಿತ್ತು.

“ಓಡಿಸಿದ್ದು ಅವರೇ ಅನ್ನಿ,” ಎಂದರು ಕಣ್ಣು ತೆರೆದು.

ಅದು ಕ್ಯಾಪ್ಟನ್ನರನ್ನು ಚುಚ್ಚಿತು. ಬಾಯಿ ಬಿಗಿಯಿತು.

“ಮೇಡಂ, ಈ ಜಾಕೆಟ್ ಇವಳಿಗೆ ಎಲ್ಲಿಂದ ಬಂತು ಕೇಳಿ. ಇದು ನಮ್ಮ ಡ್ರೈವರಿಂದು. ಅವನು ಗುಂಡು ತಗುಲಿ ನೆಲದ ಮೇಲೆ ಬಿದ್ದಿದ್ದ. ಸತ್ತಿರಲಿಲ್ಲ, ಉಸಿರಾಡ್ತಿದ್ದ. ಆ ಚಳಿಯಲ್ಲಿ ಅವನ ಮೈಮೇಲಿನ ಬಟ್ಟೆ ಬಿಚ್ಚಿ ಹಾಕ್ಕೊಂಡ್ಲು. ನಾನು ಕಣ್ಣಾರೆ ನೋಡಿದೀನಿ. ನಾಳೆ ಇವಳು ಬಾಯಿ ಬಿಟ್ರೆ ನಾನೂ ಬಿಡ್ತೀನಿ. ಊರು ಯಾರಿಗೆ ಉಗಿಯುತ್ತೋ ನೋಡೋಣ.”

ಇನ್ಸ್‌ಪೆಕ್ಟರಮ್ಮ ನರ್ಸಮ್ಮನತ್ತ ತಿರುಗಿದರು. ತಮಗೆ ಗೊತ್ತಿಲ್ಲದೆಯೇ ಅವರು ಈ ಹಠಮಾರಿ ಹೆಂಗಸಿನ ಪಕ್ಷ ವಹಿಸಿಬಿಟ್ಟಿದ್ದರು.

“ನಿಜಾನಾ ಅಮ್ಮ?”

“ನಿಜ. ಉಸಿರಿತ್ತು.” ನರ್ಸಮ್ಮ ತಲೆ ತಗ್ಗಿಸಲಿಲ್ಲ. “ಅಣ್ಣ ಅಂತಿದ್ದೆ ನಾನು ಅವನನ್ನ. ಲಾರಿ ಕಲಿಸಿದ್ದೇ ಅವನು. ಆವತ್ತು ಲಾರಿ ಅರ್ಧ ತುಂಬಿತ್ತು. ಇನ್ನೂ ಗಾಯಾಳುಗಳು ದೂರದಲ್ಲಿ ಸ್ಟ್ರೆಚರ್ ಮೇಲೆ ಮಲಗಿದ್ರು. ಅವರನ್ನ ಬಿಟ್ಟು ಹೊರಡಿ ಅಂತ ಹುಕುಂ ಆಯ್ತು; ಲಾರಿಯೊಳಗಿದ್ದ ನನಗೆ ಶೆಲ್ ಸದ್ದಲ್ಲಿ ಅದು ಯಾರ ದನಿ ಅಂತ ತಿಳೀಲಿಲ್ಲ. ಅಣ್ಣ ಇಂಜಿನ್ ಆರಿಸಿದ. ‘ಅವರನ್ನೂ ಹಾಕ್ಕೊಂಡೇ ಹೋಗೋದು’ ಅಂತ ಇಳಿದು ಅವರ ಕಡೆ ನಡೆದ. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಗುಂಡು ಬಿತ್ತು.”

“ಶತ್ರು ಗುಂಡು,” ಎಂದರು ಕ್ಯಾಪ್ಟನ್.

“ನಾನು ಓಡಿಹೋದೆ. ಜಾಕೆಟ್ ನಾನು ಬಿಚ್ಚಲಿಲ್ಲ, ಅವನೇ ತೋಳಿಂದ ಕೈ ಎಳ್ಕೊಂಡ. ‘ಹುಡುಗಿ ಅಂತ ಗೊತ್ತಾದ್ರೆ ಚೆಕ್‌ಪೋಸ್ಟಲ್ಲಿ ಇಳಿಸಿಬಿಡ್ತಾರೆ, ಇದನ್ನ ಹಾಕ್ಕೋ, ಟೋಪಿ ಕಣ್ಣಿನ ತನಕ ಎಳ್ಕೋ’ ಅಂದ. ಅವನನ್ನೂ ಬಿಡಲಿಲ್ಲ, ಆ ಸ್ಟ್ರೆಚರಿನವರನ್ನೂ ಬಿಡಲಿಲ್ಲ. ಎಲ್ಲರನ್ನೂ ಹಾಕ್ಕೊಂಡೆ. ಅಣ್ಣ ನನ್ನ ಪಕ್ಕದ ಸೀಟಲ್ಲೇ ಒರಗಿದ್ದ. ಗೇರು ಬದಲಾಯಿಸೋದು ಹೇಳ್ತಾ ಇದ್ದ. ಸೇತುವೆ ದಾಟೋವಷ್ಟರಲ್ಲಿ ಹೇಳೋದು ನಿಂತುಹೋಯ್ತು.”

ಅವರು ಕ್ಯಾಪ್ಟನ್ ಕಡೆ ತಿರುಗಿದರು.

“ಶತ್ರು ಎಲ್ಲಿದ್ದ ಕ್ಯಾಪ್ಟನ್?”

“ಎದುರಿನ ಗುಡ್ಡದ ಮೇಲೆ. ಎಲ್ಲರಿಗೂ ಗೊತ್ತಿರೋ ವಿಷಯ.”

“ಹೌದು. ಅಣ್ಣನ ಎದುರಿಗೆ ಗುಡ್ಡ. ಅವನ ಬೆನ್ನ ಹಿಂದೆ ನಮ್ಮ ಲಾರಿ.” ನರ್ಸಮ್ಮ ಒಂದು ಹೆಜ್ಜೆ ಮುಂದೆ ಬಂದರು. “ನಿಮಗೆ ಇದನ್ನ ತೋಳು ತೋರಿಸೋಕೆ ಹಾಕಿಸಲಿಲ್ಲ. ತಿರುಗಿ ನಿಂತ್ಕೊಳ್ಳಿ.”

ಕ್ಯಾಪ್ಟನ್ ತಿರುಗಲಿಲ್ಲ. ಜಾಕೆಟ್ಟು ಕಳಚಲು ಹೋದರು. ಅದು ಹೆಗಲಿನಲ್ಲಿ ಕಚ್ಚಿಕೊಂಡಿತು. ಎಳೆದಾಡಿದರು, ಬಗ್ಗಿದರು, ಆ ಎಳೆದಾಟದಲ್ಲೇ ಅವರ ಬೆನ್ನು ಕಿಟಕಿಯ ಬೆಳಕಿಗೆ ಬಂತು.

ಎರಡು ರೆಕ್ಕೆಯೆಲುಬುಗಳ ನಡುವೆ ಒಂದು ತೂತು. ಅಂಚುಗಳನ್ನು ಹತ್ತಿರ ಎಳೆದು, ಅದೇ ಕಪ್ಪು ರೇಷ್ಮೆಯಲ್ಲಿ, ಅದೇ ಬಿಡಿಬಿಡಿ ಗಂಟುಗಳಲ್ಲಿ ಹೊಲಿದಿತ್ತು. ಸುತ್ತ ಕಂದಿದ ಕಲೆ, ಎಷ್ಟು ಒಗೆದರೂ ಹೋಗದ್ದು. ಗಾಜಿನ ಪೆಟ್ಟಿಗೆಯಲ್ಲಿ ಇಷ್ಟು ವರ್ಷ ಈ ಬೆನ್ನು ಹಲಗೆಗೆ ಅಂಟಿಕೊಂಡಿತ್ತು. ಊರೆಲ್ಲ ಎದೆ ನೋಡಿ ಕೈಮುಗಿದು ಹೋಗಿತ್ತು.

ಇನ್ಸ್‌ಪೆಕ್ಟರಮ್ಮ ಹತ್ತಿರ ಹೋಗಿ ಬೆರಳಿಟ್ಟು ನೋಡಿದರು. ಜಾಕೆಟ್ಟಿನ ಎದೆಯ ಕಡೆ ಒಂದು ಚೂರೂ ಹರಿದಿರಲಿಲ್ಲ. ಹಿಂದಿನಿಂದ ಹೊಕ್ಕ ಗುಂಡು ಆ ಮೈಯಲ್ಲೇ ಉಳಿದಿತ್ತು.

“ಗುಂಡು ಲಾರಿ ಕಡೆಯಿಂದ ಬಂದಿದೆ,” ಎಂದರು.

“ಇಷ್ಟು ದಿನ ಬರೀ ನನ್ನ ಮಾತು ಇತ್ತು,” ಎಂದರು ನರ್ಸಮ್ಮ. “ಬರೀ ಮಾತನ್ನ ಯಾರು ನಂಬ್ತಾರೆ? ಇದನ್ನ ಆವತ್ತೇ ಸುಟ್ಟುಹಾಕಿರ್ತೀರಿ ಅಂದ್ಕೊಂಡಿದ್ದೆ. ಪುಣ್ಯಾತ್ಮರು ನೀವು, ಗಾಜಿನೊಳಗಿಟ್ಟು ಜೋಪಾನ ಮಾಡಿದೀರಿ. ಲಾರಿ ಹತ್ತಿರ ಪಿಸ್ತೂಲು ಇದ್ದಿದ್ದು ನಿಮ್ಮ ಸೊಂಟದಲ್ಲಿ ಮಾತ್ರ.”

ಕ್ಯಾಪ್ಟನ್ ಎಳೆದಾಡುವುದನ್ನು ನಿಲ್ಲಿಸಿದರು. ಸತ್ತವನ ಜಾಕೆಟ್ಟಿನಲ್ಲೇ ಕುರ್ಚಿಯ ಮೇಲೆ ಕುಸಿದರು. ಬಾಗದ ಬೆನ್ನು ಈಗ ಬಾಗಿತ್ತು.

“ಪಿಸ್ತೂಲು ನಂದೇ,” ಎಂದರು. “ಆದ್ರೆ ಆ ಹೊತ್ತಲ್ಲಿ ನನ್ನ ಹತ್ತಿರ ಇರಲಿಲ್ಲ. ಶೆಲ್ ಬೀಳೋಕೆ ಶುರುವಾದಾಗ ನಾನು ಮೋರಿಯೊಳಗೆ ನುಗ್ಗಿದ್ದೆ. ಕೈ ನಡುಗ್ತಿತ್ತು, ಪಿಸ್ತೂಲು ಹಿಡಿಯೋಕಾಗ್ತಿರಲಿಲ್ಲ, ಬೇರೆಯವರು ಈಸ್ಕೊಂಡ್ರು. ಹೇಡಿ ಅನ್ನಿ, ಒಪ್ಕೋತೀನಿ. ಸುಳ್ಳ ಅನ್ನಿ, ಅದನ್ನೂ ಒಪ್ಕೋತೀನಿ. ಕೊಲೆಗಾರ ಅನ್ಬೇಡಿ.”

“ಯಾರು ಈಸ್ಕೊಂಡಿದ್ದು?” ಇನ್ಸ್‌ಪೆಕ್ಟರಮ್ಮನ ದನಿ ಮತ್ತೆ ಠಾಣೆಯ ದನಿಯಾಗಿತ್ತು.

ಕ್ಯಾಪ್ಟನ್ ಅವರನ್ನು ನೋಡಲಿಲ್ಲ, ನರ್ಸಮ್ಮನನ್ನೂ ನೋಡಲಿಲ್ಲ. ಕಿಟಕಿಯ ಕಡೆ ನೋಡಿದರು.

“ಹೊರಡಿ ಅಂತ ಹುಕುಂ ಕೊಟ್ಟಿದ್ದು ನಾನಲ್ಲ, ಪಿಸ್ತೂಲು ಈಸ್ಕೊಂಡವರು. ಡಾಕ್ಟರೇ, ನೀವು ಹೇಳ್ತೀರೋ, ನಾನು ಹೇಳ್ಲೋ?”

ನರ್ಸಮ್ಮ ನಿಧಾನವಾಗಿ ತಿರುಗಿದರು. ಮೊದಲ ಗಂಟು ಕಟ್ಟಲು ಕಲಿಸಿದ ಕೈಗಳು, ಮಗೂ ಎಂದು ಕರೆದ ಬಾಯಿ. ಆ ದಿನ ಮೊದಲ ಬಾರಿಗೆ ಅವರ ಕೈ ಆಸರೆಗೆಂದು ಮೇಜಿನ ಅಂಚು ಹುಡುಕಿತು.

ಡಾಕ್ಟರು ಊರುಗೋಲನ್ನು ಕುರ್ಚಿಗೆ ಒರಗಿಸಿ, ಅದಿಲ್ಲದೆಯೇ ಎದ್ದು, ನೆಟ್ಟಗೆ ನಡೆದುಹೋಗಿ ಬಾಗಿಲು ಮುಚ್ಚಿದರು. ಒಳಗಿನಿಂದ ಚಿಲಕ ಎಳೆದರು. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಅವರ ಬಲಗೈ ಕೋಟಿನ ಒಳಜೇಬಿನಲ್ಲಿ ಭಾರವಾದ ಏನನ್ನೋ ಹಿಡಿದಿತ್ತು.

“ಅತ್ತೆ,” ಹೊರಗಿನಿಂದ ಸೊಸೆ ಬಾಗಿಲು ಬಡಿದಳು. “ಚಿಲಕ ಯಾಕೆ ಹಾಕಿದ್ರು? ಅತ್ತೆ?”

ನರ್ಸಮ್ಮ ಮೇಜಿನ ಮೇಲಿಂದ ಕೈ ತೆಗೆದರು.

“ಚಿಲಕ ಇರ್ಲಿ ಡಾಕ್ಟರೇ,” ಎಂದರು. “ನಾನಂತೂ ಎದ್ದು ಹೋಗೋಕೆ ಬಂದಿಲ್ಲ.”